ಅಂಗಳದಲ್ಲಿ ಅಲಂಕಾರದ ಗೆಣಸು

ಸಂಕ್ರಾಂತಿಗೆ ಅವರೆಕಾಯಿಯೊಂದಿಗೆ ಬೇಯಿಸುವ ಗೆಣಸನ್ನು ನೀವೆಲ್ಲ ಬಲ್ಲಿರಿ. ಅದೇ ಜಾತಿಯ, ನೇರಳೆ ಅಥವಾ ತಿಳಿಹಸಿರು ಎಲೆಯ ಬಳ್ಳಿಯನ್ನು ಅಂದಕ್ಕಾಗಿಯೂ ಬೆಳೆಸುತ್ತಾರೆ. ಬದನವಾಳಿನಂಥ ಊರಿನ ಬಿಸಿಲು ಇದಕ್ಕೆ ಒಗ್ಗುತ್ತದೆ. ನೆರಳು ಹೆಚ್ಚಾದರೆ ನೇರಳೆ ಬಣ್ಣ ಮಂಕಾಗುತ್ತದೆ.

ನಾಲ್ಕೈದು ಗೆಣ್ಣುಗಳಿರುವ ಗೇಣುದ್ದದ ಕುಡಿಯನ್ನು ಕತ್ತರಿಸಿ, ಎರಡು ಗೆಣ್ಣು ಮಣ್ಣಿನೊಳಗಿರುವಂತೆ ನೆಡಿ. ಬೇರು ಬರುವುದು ಗೆಣ್ಣಿನಿಂದಲೇ. ಕುಂಡದ ತಳದಲ್ಲಿ ತೂತಿರಲಿ. ಎರೆಮಣ್ಣಾದರೆ ಮರಳು, ಕಳಿತ ಗೊಬ್ಬರ ಬೆರೆಸಿ.

ಇಲ್ಲೊಂದು ಎಚ್ಚರಿಕೆ. ನಡುಹಗಲಲ್ಲಿ ಎಲೆ ಬಾಡಿದೊಡನೆ ನೀರು ಸುರಿಯಬೇಡಿ. ಸಂಜೆಗೆ ಅದು ತಾನೇ ಚೇತರಿಸಿಕೊಳ್ಳಬಹುದು. ಬೆರಳೂರಿ ನೋಡಿ, ಮೇಲ್ಮಣ್ಣು ಒಣಗಿದ್ದರೆ ಮಾತ್ರ ಹಾಕಿ. ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ಗೆಡ್ಡೆ ಕೊಳೆಯುತ್ತದೆ. ಬಳ್ಳಿ ಉದ್ದವಾದರೆ ತುದಿ ಕತ್ತರಿಸಿ, ಕವಲೊಡೆದು ಪೊದೆಯಾಗುತ್ತದೆ. ಕತ್ತರಿಸಿದ ಕುಡಿಯೇ ಮುಂದಿನ ಗಿಡ. ಎಸೆಯದೆ ಗೆಳೆಯರಿಗೆ ಕೊಡಿ.