ಬಾಚಿದರೂ ಅಳಿಯದ ಸುಳಿ

ನೆತ್ತಿಯ ಸುಳಿಯನ್ನು ಎಷ್ಟೇ ಎಣ್ಣೆ ಹಚ್ಚಿ ಬಾಚಿದರೂ ಅಳಿಸಲಾಗದೆಂಬುದನ್ನು ನಾವೆಲ್ಲರೂ ಬಲ್ಲೆವು. ಅದನ್ನು ಅತ್ತಿತ್ತ ಸರಿಸಬಹುದು. ಇಲ್ಲವಾಗಿಸಬೇಕಾದರೆ ಕೂದಲನ್ನೇ ಬೋಳಿಸಬೇಕು. ಇಂಥ ಹಟಮಾರಿ ಸುಳಿಗಳು ಕೆಲವು ಅಯಸ್ಕಾಂತಗಳ ಒಡಲಿನಲ್ಲಿಯೂ ಉಂಟು. ಅವುಗಳಿಗೆ ಸ್ಕರ್ಮಿಯಾನುಗಳೆಂದು ಹೆಸರು. 1960ರ ಸುಮಾರಿನಲ್ಲಿ ಪರಮಾಣುಬೀಜದ ಕಣಗಳನ್ನು ಒಂದು ಬಗೆಯ ಗಂಟುಗಳೆಂದು ಭಾವಿಸಿ ಗಣಿತವನ್ನು ಹೆಣೆದ ಟೋನಿ ಸ್ಕರ್ಮ್ ಎಂಬ ಆಂಗ್ಲ ವಿಜ್ಞಾನಿಯ ಹೆಸರದು.

ಅಯಸ್ಕಾಂತದ ಒಂದೊಂದು ಪರಮಾಣುವನ್ನೂ ಒಂದು ಪುಟ್ಟ ಬಾಣವೆಂದು ಎಣಿಸೋಣ. ಸ್ಕರ್ಮಿಯಾನಿನ ಅಂಚಿನ ಬಾಣಗಳು ಮೇಲ್ಮುಖವಾಗಿರುತ್ತವೆ, ನಟ್ಟನಡುವಿನದು ಕೆಳಮುಖವಾಗಿರುತ್ತದೆ, ನಡುವಣವು ಮೆಲ್ಲಮೆಲ್ಲನೆ ಹೊರಳುತ್ತ ಉಳಿದೆಲ್ಲ ದಿಕ್ಕುಗಳಿಗೂ ಒಮ್ಮೊಮ್ಮೆ ಮುಖಮಾಡುತ್ತವೆ.

ಈ ಸುಳಿಯನ್ನು ಹಾಯ್ದುಹೋಗುವ ಎಲೆಕ್ಟ್ರಾನಿನ ಪಾಡೇನು? ಅದಕ್ಕೂ ತನ್ನದೇ ಆದ ಸ್ಪಿನ್ ಎಂಬ ಬಾಣವಿದೆ. ಹೋದಲ್ಲೆಲ್ಲ ಅದು ಅಲ್ಲಿಯ ಬಾಣಗಳೊಡನೆ ತಾನೂ ಹೊರಳಬೇಕು. ವಾಚಕರು ಒಂದು ಭೂಗೋಳವನ್ನು ತೆಗೆದುಕೊಳ್ಳಲಿ. ಒಂದು ಬೆಂಕಿಕಡ್ಡಿಯನ್ನು ಉತ್ತರಧ್ರುವದಲ್ಲಿ ಮಲಗಿಸಿ, ಎಲ್ಲಿಯೂ ತಿರುಚದೆ ಭೂಮಧ್ಯರೇಖೆಗೆ ಇಳಿಸಿ, ಅದರ ಗುಂಟ ಕಾಲು ಸುತ್ತು ಸರಿಸಿ, ಮರಳಿ ಧ್ರುವಕ್ಕೆ ಏರಿಸಿದರೆ ಕಡ್ಡಿಯು ಮೊದಲಿನ ದಿಕ್ಕಿಗೆ ಲಂಬವಾಗಿರುವುದು! ತಿರುಚಿದವರು ಯಾರೂ ಇಲ್ಲ. ಗೋಳದ ಬಾಗು ಮಾಡಿದ ಕೆಲಸವದು. ಬೆಳಕಿನ ಧ್ರುವೀಕರಣದಲ್ಲಿ ಇದನ್ನು ಹೋಲುವ ಪರಿಣಾಮವನ್ನು 1956ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ಎಸ್. ಪಂಚರತ್ನಂ ತೋರಿಸಿಕೊಟ್ಟರು. ಆಗ ಅವರಿಗೆ 22 ವರ್ಷ. 1984ರಲ್ಲಿ ಮೈಕೆಲ್ ಬೆರಿಯವರು ಇದೇ ತತ್ತ್ವವನ್ನು ಕ್ವಾಂಟಂ ಕಣಗಳಿಗೆ ವ್ಯಾಪಕವಾಗಿ ನಿರೂಪಿಸಿದ ಮೇಲೆಯೇ ಆ ಲೇಖನದ ಬೆಲೆ ಜಗತ್ತಿಗೆ ತಿಳಿದದ್ದು.

ಹೊರಳುವ ಎಲೆಕ್ಟ್ರಾನಿನ ಅಲೆಯಲ್ಲಿಯೂ ಇಂಥದೇ ವ್ಯತ್ಯಾಸವುಂಟಾಗುತ್ತದೆ. ಅಯಸ್ಕಾಂತ ಕ್ಷೇತ್ರವೊಂದನ್ನು ಸುತ್ತಿ ಬಂದಾಗಲೂ ಆಗುವುದು ಇದೇ. ಆದುದರಿಂದ ಸುಳಿಗೂ ಕ್ಷೇತ್ರಕ್ಕೂ ಎಲೆಕ್ಟ್ರಾನು ಭೇದವೆಣಿಸದು, ಪಕ್ಕಕ್ಕೆ ವಾಲುತ್ತದೆ. ಸುಳಿಗಳ ಅಂತರ ಸುಮಾರು 20 ನ್ಯಾನೋಮೀಟರ್ ಇದ್ದಲ್ಲಿ ಈ ಹುಸಿ ಕ್ಷೇತ್ರವು ಲೆಕ್ಕದ ಪ್ರಕಾರ 10 ಟೆಸ್ಲಾದ ಆಸುಪಾಸಿಗೆ ಬರುತ್ತದೆ. ಭೂಮಿಯ ಕ್ಷೇತ್ರಕ್ಕೆ ಇದು ಎರಡು ಲಕ್ಷ ಪಾಲಿಗೂ ಮಿಗಿಲು.

ಈ ವಾಲುವಿಕೆಯೇ ಒಂದು ವಿವಾದದಲ್ಲಿ ಸಾಕ್ಷಿಯಾಯಿತು. ಮ್ಯಾಂಗನೀಸ್ ಸಿಲಿಸೈಡನ್ನು ಸುಮಾರು 28 ಕೆಲ್ವಿನ್‌ಗೆ ತಣಿಸಿ ಅಲ್ಪ ಕ್ಷೇತ್ರದಲ್ಲಿಟ್ಟಾಗ ಅದು ಒಂದು ವಿಚಿತ್ರ ಸ್ಥಿತಿಯನ್ನು ತಾಳುತ್ತದೆ. 2009ರಲ್ಲಿ ಮ್ಯೂನಿಕ್ಕಿನ ವಿಜ್ಞಾನಿಗಳು ಅದರೊಳಕ್ಕೆ ನ್ಯೂಟ್ರಾನುಗಳನ್ನು ಹಾಯಿಸಲು, ಆರು ಚುಕ್ಕೆಗಳ ಷಟ್ಕೋನವು ಮೂಡಿತು. ಸುಳಿಗಳು ಜೇನುಹಟ್ಟಿಯ ಕಣ್ಣುಗಳಂತೆ ಒತ್ತಾಗಿ ನಿಂತಿವೆಯೆಂದು ಅವರು ಸಾರಿದರು. ಆದರೆ ಬೇರೆಬೇರೆ ದಿಕ್ಕಿನ ಅಲೆಗಳಿರುವ ಮೂರು ಬಗೆಯ ತುಣುಕುಗಳು ಅಕ್ಕಪಕ್ಕದಲ್ಲಿದ್ದರೂ ಆರೇ ಚುಕ್ಕೆ ಬೀಳಬಹುದಲ್ಲವೆ? ಸಂದೇಹವು ನ್ಯಾಯವಾದುದೇ.

ಆಗ ನೆರವಿಗೆ ಬಂದುದು ಹಳೆಯದೊಂದು ಪ್ರಯೋಗ. ಅಮೆರಿಕದ ಎಡ್ವಿನ್ ಹಾಲ್ ವಿದ್ಯಾರ್ಥಿಯಾಗಿದ್ದಾಗಲೇ, 1879ರಲ್ಲಿ, ಚಿನ್ನದ ತೆಳುಹಾಳೆಯಲ್ಲಿ ಪ್ರವಾಹ ಹರಿಸಿ, ಅಯಸ್ಕಾಂತದ ನಡುವೆ ಹಿಡಿದು, ಅಡ್ಡಲಾಗಿ ವೋಲ್ಟೇಜು ಹುಟ್ಟುವುದನ್ನು ಕಂಡಿದ್ದನು. ಮ್ಯಾಂಗನೀಸ್ ಸಿಲಿಸೈಡಿನಲ್ಲಿಯೂ ಅದೇ ಅಳತೆಯನ್ನು ಮಾಡಲಾಗಿ, ಆ ವಿಚಿತ್ರ ಸ್ಥಿತಿಯಲ್ಲಿ ಮಾತ್ರ ಒಂದು ಹೆಚ್ಚಿನ ವೋಲ್ಟೇಜು ಕಾಣಿಸಿಕೊಂಡಿತು. ಅದೂ ಸಾಮಾನ್ಯ ಹಾಲ್ ಪರಿಣಾಮಕ್ಕೆ ವಿರುದ್ಧವಾದ ದಿಕ್ಕಿನಲ್ಲಿ. ಬರಿಯ ಅಲೆಗಳಿಂದ ಇದು ಸಾಧ್ಯವಿಲ್ಲ, ಸುಳಿಯೇ ಬೇಕು. ಮರುವರ್ಷ ಜಪಾನಿನ ವಿಜ್ಞಾನಿಗಳು ಇನ್ನೊಂದು ಮಿಶ್ರಲೋಹದಲ್ಲಿ ಸುಳಿಗಳ ಚಿತ್ರವನ್ನೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೆಗೆದರು. ನಮ್ಮ ಮಟ್ಟಿಗೆ ಹೇಳುವುದಾದರೆ, ಆ ಸುಂದರ ಚಿತ್ರಕ್ಕಿಂತಲೂ ವೋಲ್ಟ್‌ಮಾಪಕದ ಆ ಸಣ್ಣ ಅಲುಗಾಟವೇ ಹೆಚ್ಚು ರೋಮಾಂಚಕಾರಿ.

ಸುಳಿಯು ಎಲೆಕ್ಟ್ರಾನನ್ನು ತಳ್ಳಿದರೆ ಎಲೆಕ್ಟ್ರಾನೂ ಸುಳಿಯನ್ನು ತಳ್ಳಲೇಬೇಕಷ್ಟೆ. ಚದರ ಮಿಲಿಮೀಟರಿಗೆ ಒಂದೆರಡು ಆಂಪಿಯರಿನಷ್ಟು ಪ್ರವಾಹವೇ ಸುಳಿಗಳನ್ನು ಕದಲಿಸಬಲ್ಲುದೆಂದು 2010ರಲ್ಲಿ ಕಂಡುಬಂದಿತು. ಮನೆಯ ದೀಪದ ತಂತಿಯೂ ಇಷ್ಟನ್ನು ತಾಳಬಲ್ಲುದು! ಹೀಗೆ ಸಾಗಿಸಬಹುದಾದ ಸುಳಿಗಳನ್ನೇ ಅಕ್ಷರಗಳನ್ನಾಗಿ ಮಾಡಿಕೊಂಡು ಗಣಕಗಳ ನೆನಪನ್ನು ಕಟ್ಟುವ ಆಸೆ ಹುಟ್ಟಿದ್ದು ಸಹಜ. ತೊಡಕೊಂದಿದೆ. ಸುಳಿಯು ಪ್ರವಾಹದ ದಿಕ್ಕಿನಲ್ಲಿ ನೆಟ್ಟಗೆ ನಡೆಯದೆ ಓರೆಯಾಗಿ ಜಾರುವುದೆಂಬುದನ್ನು 2017ರಲ್ಲಿ ತೆಳುಪದರಗಳಲ್ಲಿ ನೇರವಾಗಿಯೇ ನೋಡಿದರು. ಓರೆಯಾಗಿ ಜಾರಿದ ಸುಳಿ ಪಟ್ಟಿಯ ಅಂಚನ್ನು ಮುಟ್ಟಿ ಮಾಯವಾದರೆ ಬರೆದ ಅಕ್ಷರವೂ ಅಳಿಯಿತು. ಅದಕ್ಕಾಗಿ ಈಗ ಒಂದರ ಮೇಲೊಂದು ಪದರದಲ್ಲಿ ಬಾಣಗಳನ್ನು ತಲೆಕೆಳಗು ಮಾಡಿ ಜೋಡಿ ಸುಳಿಗಳನ್ನಿಡುತ್ತಿದ್ದಾರೆ. ಒಂದು ಎಡಕ್ಕೆ ಎಳೆದರೆ ಇನ್ನೊಂದು ಬಲಕ್ಕೆ.