ವಾಹನದ ಬಿಡಾರಕ್ಕೆ ಬೆಳಕಿನ ಬುತ್ತಿ

ಲೋಣಾವಳಾದ ವಳವಣ ಮೊದಲಾದ ಕೆರೆಗಳ ನೀರು 1915ರಿಂದ ಖೋಪೋಲಿಯ ಟಾಟಾ ವಿದ್ಯುದಾಗಾರವನ್ನು ನಡೆಸಿ ಮುಂಬಯಿಗೆ ಬೆಳಕನ್ನಿತ್ತಿದೆ. ಆದರೆ ಮಳೆಯ ಸೊಬಗು ಸವಿಯಲೆಂದು ಬಂದು ಘಟ್ಟದ ಬದಿಯಲ್ಲಿ ಬಿಡಾರ ಹೂಡುವ ಕ್ಯಾರವಾನಿಗೆ ತನ್ನ ಬ್ಯಾಟರಿಯೊಂದೇ ಗತಿ.

ಎಂಜಿನ್ ಚಾಲೂ ಮಾಡುವ ಬ್ಯಾಟರಿಯಿಂದ ರಾತ್ರಿಯಿಡೀ ದೀಪ, ಫ್ಯಾನುಗಳನ್ನು ನಡೆಸುವುದು ತರವಲ್ಲ. ಅದರ ತೆಳು ಫಲಕಗಳು ಪದೇ ಪದೇ ಬರಿದಾದರೆ ಬೇಗ ಕೆಡುತ್ತವೆ. ಬೆಳಗ್ಗೆ ಗಾಡಿಯೂ ಹೊರಡದು. ದಪ್ಪ ಫಲಕಗಳ ಡೀಪ್ ಸೈಕಲ್ ಬ್ಯಾಟರಿಯೇ ಇದಕ್ಕೆ ತಕ್ಕುದು.

ಉಗ್ರಾಣದ ಅಕ್ಕಿಯನ್ನು ಅಳೆದು ತೆಗೆಯುವಂತೆ ವಿದ್ಯುತ್ತನ್ನೂ ಲೆಕ್ಕವಿಟ್ಟು ಬಳಸಬೇಕು. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 50ನ್ನಷ್ಟೇ ವೆಚ್ಚ ಮಾಡುವುದು ವಿವೇಕ. 4 ಆಂಪಿಯರ್ ಎಳೆಯುವ ದೀಪ, ಫ್ಯಾನುಗಳು 12 ಗಂಟೆ ನಡೆದರೆ 48 ತೀರಿತು.

ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ, ಪೂರ್ಣ ಚಾರ್ಜಾದ ಬಳಿಕ ಡಿಸ್ಟಿಲ್ಡ್ ವಾಟರನ್ನೇ ತುಂಬಬೇಕು. ನಳದ ನೀರು ಸಲ್ಲದು. ಫಲಕಗಳು ಸದಾ ಮುಳುಗಿರಬೇಕು. ಚಾರ್ಜಿನ ವೇಳೆ ಹೊಮ್ಮುವ ಜಲಜನಕವು ಕಿಡಿ ತಾಗಿದೊಡನೆ ಸಿಡಿಯಬಲ್ಲುದು. ಆದುದರಿಂದ ಮಕ್ಕಳು ಮಲಗುವಲ್ಲಿ, ಒಲೆಯ ಬಳಿಯಲ್ಲಿ ಅದನ್ನಿಡದೆ, ಹೊರಗೆ ಗಾಳಿಯಾಡುವ ಪೆಟ್ಟಿಗೆಯಲ್ಲಿರಿಸಬೇಕು. ಲಿಥಿಯಂ ಬ್ಯಾಟರಿಗೆ ನೀರು ಬೇಡ, ತೂಕವೂ ಕಡಿಮೆ. ಬೆಲೆ ಹೆಚ್ಚು, ಒಪ್ಪುವ ಚಾರ್ಜರೂ ಬೇಕು.

ಕೊಳ್ಳುವ ಮುನ್ನ ವಾಚಕರು ಬೆಲೆಯೊಡನೆ ತಯಾರಾದ ತಿಂಗಳನ್ನೂ ವಿಚಾರಿಸಲೆಂದು ನಾವು ಬಿನ್ನವಿಸುತ್ತೇವೆ.