ಬಾದಾಮಿಯ ಕಲ್ಲು ಕಾಯ್ದ ಹೊನ್ನು, ಹರಳು

ಬಾದಾಮಿ ಚಾಲುಕ್ಯರ ಕಾಲದ ಹರಳಿನ ಉಂಗುರ ಹೇಗಿತ್ತು ಎಂಬ ಕುತೂಹಲದಿಂದ ಬಾದಾಮಿ, ಐಹೊಳೆಯ ವಸ್ತುಸಂಗ್ರಹಾಲಯಗಳಿಗೆ ಹೋದರೆ ಎದುರಾಗುವುದು ಹೆಚ್ಚಾಗಿ ಕಲ್ಲಿನ ಶಿಲ್ಪಗಳೇ. ದಖ್ಖನ್ನನ್ನು ಎರಡು ಶತಮಾನ ಆಳಿದ ಅರಮನೆಯ ಬಂಗಾರವೆಲ್ಲ ಎಲ್ಲಿ ಹೋಯಿತು?

ಇದಕ್ಕೆ ಉತ್ತರ ಬಾದಾಮಿ ಸಮೀಪದ ಮಹಾಕೂಟದಲ್ಲಿದೆ. ಮಹಾಕೂಟೇಶ್ವರ ಗುಡಿಯ ಕಂಬವೊಂದರ ಮೇಲಿನ ಹಳಗನ್ನಡ ಶಾಸನ ವಿನಾಪೋಟಿಯ ದಾನವನ್ನು ಹೇಳುತ್ತದೆ. ಆಕೆ ದೊರೆ ವಿಜಯಾದಿತ್ಯನ (696–733) ಪ್ರಾಣವಲ್ಲಭೆ. ಹಿರಣ್ಯಗರ್ಭವೆಂಬ ಬಂಗಾರದ ಮಹಾದಾನ ಮಾಡಿ, ದೇವರ ಪೀಠಕ್ಕೆ ಕೆಂಪು ಹರಳು ಕಟ್ಟಿಸಿ, ಬೆಳ್ಳಿಯ ಕೊಡೆ ಏರಿಸಿ, ಭೂಮಿಯನ್ನೂ ಕೊಟ್ಟಳು. ಅಜ್ಜಿ ರೇವಮಂಚಳು, ತಾಯಿ ಕುಚಿಪೋಟಿಯ ಹೆಸರೂ ಅಲ್ಲಿದೆ. ಮೂರು ತಲೆಮಾರಿನ ಹೆಣ್ಣುಮಕ್ಕಳ ಹೆಸರು ಹೊತ್ತ ಈ ಕಂಬ ಕನ್ನಡನಾಡಿನ ಅಮೂಲ್ಯ ದಾಖಲೆ.

ಹಿರಣ್ಯಗರ್ಭದ ಹೊನ್ನನ್ನು ಹಂಚಿಬಿಡುವುದು ಪದ್ಧತಿ. ನಮ್ಮಲ್ಲಿ ಬಂಗಾರ ಹೀಗೆಯೇ ಕೈಯಿಂದ ಕೈಗೆ ನಡೆಯಿತು. ಕೊಟ್ಟರು, ಅಡವಿಟ್ಟರು, ಕರಗಿಸಿ ಹೊಸದು ಮಾಡಿಸಿದರು. ಆದರೆ ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿ, ನಮ್ಮ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ಕಾಲದಲ್ಲೇ ಗಣ್ಯನೊಬ್ಬನ ಜೊತೆ ಹೂತಿಟ್ಟಿದ್ದ ಕೆಂಪು ಗಾರ್ನೆಟ್ ಹರಳಿನ ಚಿನ್ನದೊಡವೆಗಳು 1939ರಲ್ಲಿ ಇದ್ದಂತೆಯೇ ಸಿಕ್ಕವು. ಆ ಯುಗದ ಯುರೋಪಿನ ಗಾರ್ನೆಟ್‌ಗಳಲ್ಲಿ ಹಲವು ಭಾರತ, ಶ್ರೀಲಂಕಾದಿಂದ ಹೋದಂಥವು. ಅಲ್ಲಿ ಗೋರಿ ಕಾಯ್ದದ್ದನ್ನು ಇಲ್ಲಿ ಕಲ್ಲು ಕಾಯ್ದಿತು.

578ರಲ್ಲಿ ದೊರೆ ಕೀರ್ತಿವರ್ಮನ ಕಾಲಕ್ಕೆ ಅವನ ತಮ್ಮ ಮಂಗಳೇಶ ಮಾಡಿಸಿದ ಬಾದಾಮಿಯ ಮೂರನೇ ಗುಹೆಗೆ ಹೋಗಿ, ಆದಿಶೇಷನ ಮೇಲೆ ಕುಳಿತ ವಿಷ್ಣುವಿನ ಮುಂದೆ ನಿಧಾನವಾಗಿ ನಿಲ್ಲಿ. ಕಿರೀಟದಿಂದ ಕೊರಳ ಹಾರಕ್ಕೆ, ಅಲ್ಲಿಂದ ತೋಳಬಂದಿ, ಕಡಗಕ್ಕೆ ಕಣ್ಣು ಇಳಿಯಲಿ. ಹುನಗುಂದ ಸೀಮೆಯ ಐಹೊಳೆಯ ರಾವಣಫಡಿಯಲ್ಲಿ ಕುಣಿಯುವ ಶಿವನ ಸುತ್ತಲಿನ ಸಪ್ತಮಾತೃಕೆಯರ ಎತ್ತರದ ಕಿರೀಟಗಳನ್ನೂ ಹಾಗೆಯೇ ನೋಡಬೇಕು. ಒಡವೆಯ ಕುಸುರಿಯನ್ನು ಹತ್ತಿರದಿಂದ ಬಲ್ಲ ಶಿಲ್ಪಿಗಳ ಕೆಲಸವಿದು.

ಆ ಕಾಲದಲ್ಲಿ ಹರಳಿಗೆ ಇಂದಿನಂತೆ ಹಲವು ಮುಖ ಕೊಯ್ಯುತ್ತಿರಲಿಲ್ಲ. ದುಂಡಗೆ ಉಜ್ಜಿ ನುಣುಪು ಮಾಡುತ್ತಿದ್ದರು. ಉಂಗುರದ ನೆತ್ತಿಯ ಮೇಲೆ ತೆಳು ತಗಡಿನ ಪುಟ್ಟ ಗೂಡು ಕಟ್ಟಿ, ಬೆಸೆದು, ಹರಳನ್ನು ಕೂರಿಸಿ, ಗೂಡಿನ ಅಂಚನ್ನು ಅದರ ಮೇಲೆ ಮೆಲ್ಲಗೆ ಒತ್ತಿದರೆ ಹರಳು ಭದ್ರ. ಒತ್ತಡ ಹೆಚ್ಚಾದರೆ ಹರಳು ಸೀಳುತ್ತದೆ, ಕಡಿಮೆಯಾದರೆ ಉದುರುತ್ತದೆ. ಬಾಗಲಕೋಟೆ, ಇಳಕಲ್ಲಿನ ಪತ್ತಾರರ (ಅಕ್ಕಸಾಲಿಗರ) ಬೆರಳಿಗೆ ಈ ಅಳತೆ ಇಂದಿಗೂ ಗೊತ್ತು. ಮೂಸೆ, ಊದುಗೊಳವೆ, ಒರೆಗಲ್ಲು ಅವರ ಕಸುಬಿನ ಹಳೆಯ ಸಂಗಾತಿಗಳು.

ಈ ನೆಲಕ್ಕೆ ಹೊನ್ನು ಹೊಸತೇನಲ್ಲ. ಇಳಕಲ್ ದಾಟಿದರೆ ಲಿಂಗಸುಗೂರು ಸೀಮೆ. ಅಲ್ಲಿನ ಹಟ್ಟಿಯಲ್ಲಿ ಬಹು ಪುರಾತನ ಕಾಲದಿಂದಲೇ ನೆಲದಾಳಕ್ಕೆ ಇಳಿದು ಚಿನ್ನ ತೆಗೆದ ಗುರುತುಗಳಿವೆ. ಗಣಿ ಈಗಲೂ ನಡೆಯುತ್ತಿದೆ.

ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕರೆತರುವ ಶಿಕ್ಷಕರಲ್ಲಿ ಒಂದು ಕೋರಿಕೆ. ಗುಹೆಗಳ ಜೊತೆಗೆ ಮಹಾಕೂಟದ ಆ ಕಂಬದ ಎದುರೂ ಮಕ್ಕಳನ್ನು ನಿಲ್ಲಿಸಿ, ವಿನಾಪೋಟಿ ಏನು ಕೊಟ್ಟಳೆಂದು ಹೇಳಿ. ಊರಿಗೆ ಮರಳಿದ ಮೇಲೆ ಪತ್ತಾರರ ಅಂಗಡಿಗೂ ಕರೆದೊಯ್ದು, ಹರಳು ಕೂರಿಸುವುದನ್ನು ತೋರಿಸಿ. ಚಾಲುಕ್ಯರ ಚರಿತ್ರೆಯಲ್ಲಿ ದೊರೆಗಳಷ್ಟೇ ಅಲ್ಲ, ಕೊಟ್ಟ ಹೆಣ್ಣುಮಕ್ಕಳೂ ದುಡಿದ ಕೈಗಳೂ ಇವೆಯೆಂದು ಮಕ್ಕಳಿಗೆ ಆಗ ತಿಳಿಯುತ್ತದೆ.